ಕ್ಯಾಶ್

ನವನಗರದ ವಾಚನಾಲಯದ ಹಿಂದಿನ ಕೋಣೆ.
ಮೂರು ಕಂಪ್ಯೂಟರು, ಒಂದಕ್ಕೆ ಮೌಸ್ ಇಲ್ಲ.
ಸಂಜೆ ಐದಕ್ಕೆ ಏಳು ಮಂದಿ ಹೆಂಗಸರು ಬರುತ್ತಾರೆ,
ಎಲ್ಲರಿಗಿಂತ ಮೊದಲು ಚಾಂದಬಿ ಬಾಗವಾನ.
ಮಾರಿ ಉಳಿದ ಪೇರಲ ಬುಟ್ಟಿಯನ್ನು ಕಾಲಬಳಿ ಇಟ್ಟು
ಮೊದಲನೇ ದಿನವೇ ಕೇಳಿದಳು:

"ಅಕ್ಕಾರ, ಈ ಸರ್ವರ್ ಅಂದ್ರ ಯಾರ್ರಿ?
ರೇಷನ್ ಅಂಗಡ್ಯಾಗ ಹೆಬ್ಬೆಟ್ಟು ಒತ್ತಿದಾಗೆಲ್ಲ
ಸರ್ವರ್ ಡೌನ್ ಅಂತಾರ.
ಖಾನಾವಳಿ ಸರ್ವರಿಗೆ ಜ್ವರ ಬಂದ್ರ
ಮಾಲಕನ ಎದ್ದು ರೊಟ್ಟಿ ನೀಡತಾನ.
ಇಲ್ಲ್ಯಾಕ ಯಾರೂ ಏಳೂದಿಲ್ಲ?"

ನನ್ನ ಚೀಟಿಯಲ್ಲಿ ಬೇರೆ ಬರೆದಿತ್ತು,
ಮಾಹಿತಿಯನ್ನು ಸಂಗ್ರಹಿಸಿ ಕೋರಿಕೆಯ ಮೇರೆಗೆ ಒದಗಿಸುವ ಗಣಕ.
ಮಡಚಿ ಪರ್ಸಿನೊಳಗೆ ಹಾಕಿದೆ.
ಹೌದು ಚಾಂದಬಿ, ಎಲ್ಲೋ ದೂರ ಒಂದು ಅಡಿಗೆಮನೆ,
ನೀನು ಇಲ್ಲಿ ಕೂತು ಕೇಳಿದ್ದನ್ನು ಅಲ್ಲಿಂದ ನೀಡುತ್ತದೆ.
ಬ್ರೌಸರ್ ಅಂದರೆ ನಿನ್ನ ಮುಂದಿನ ತಾಟು.
"ತಾಟಲ್ಲ" ಅಂದಳು ಹಿಂದಿನ ಬೆಂಚಿನ ಕಾಶೀಬಾಯಿ ಪತ್ತಾರ,
"ಅಡಿಗಿಮನಿ ಕಿಟಕಿ. ತಾಟು ಆಮ್ಯಾಲ."
ಒಪ್ಪಿಕೊಂಡೆ.

ಕೆಲವು ಪದ ಬೇಗ ಕೈಗೆ ಬಂದವು.
ಪಾಸ್‌ವರ್ಡು ಯಾರಿಗೂ ಹೇಳಬಾರದು
ಎಂದು ನಾನು ಹೇಳಿ ಮುಗಿಸುವುದರೊಳಗೆ
ಆರು ಜನ ತಮ್ಮ ತಮ್ಮದನ್ನು ಗಟ್ಟಿಯಾಗಿ ಹೇಳಿ ಕೂತಿದ್ದರು,
ನಾಲ್ವರದು ಮೊಮ್ಮಕ್ಕಳ ಹೆಸರು.
ಡೌನ್‌ಲೋಡನ್ನು ಚಾಂದಬಿಗೆ ಕಲಿಸಬೇಕಾಗಲಿಲ್ಲ.
ಟಂಟಂನಿಂದ ದಿನಾ ನಸುಕಿನಲ್ಲಿ
ಒಂಬತ್ತು ಬುಟ್ಟಿ ಇಳಿಸುವವಳಿಗೆ ಗೊತ್ತು,
ತುಂಬಿದ್ದು ಇಳಿಯಲು ಹೊತ್ತು ಬೇಕು,
ನಡುವೆ ಕೈಬಿಟ್ಟರೆ ಮತ್ತೆ ಮೊದಲಿಂದ.

ವಿಳಾಸ ಮಾತ್ರ ತಕರಾರು ತಂತು.
ನಾವು ಬರೆಯುವ ಹೆಸರು ನಮ್ಮ ನೆನಪಿಗಷ್ಟೇ,
ಯಂತ್ರಕ್ಕೆ ಯಂತ್ರ ಅಂಕಿಯಿಂದಲೇ ಗುರುತು, ಎಂದೆ.
"ಸೆಕ್ಟರಿನಂಗ" ಅಂದರು ಮೂವರು ಒಟ್ಟಿಗೆ.
ನಾನು ಹುಟ್ಟಿದ್ದೇ ಇಲ್ಲಿ, ಪ್ಲಾಟ್ ನಂಬರಿನಲ್ಲಿ,
ನನಗದು ಎಂದೂ ವಿಚಿತ್ರ ಅನಿಸಿರಲಿಲ್ಲ.

ಇವತ್ತು ಪಾಠದಲ್ಲಿ ಕ್ಯಾಶ್.
ರೊಕ್ಕ ಅಲ್ಲ, ಬೇರೆ ಕ್ಯಾಶ್, ಎಂದು ಶುರುಮಾಡಿದೆ.
ಒಮ್ಮೆ ನೋಡಿದ ಪುಟದ ನಕಲು
ನಿನ್ನ ಬಳಿಯೇ ಉಳಿದಿರುತ್ತದೆ.
ಅಲ್ಲಿ ಮೂಲ ಪುಟ ಅಳಿದೇ ಹೋಗಿರಬಹುದು,
ಇಲ್ಲಿ ನಕಲು ಇದ್ದಲ್ಲೇ ಇರುತ್ತದೆ,
ಯಾರಾದರೂ ಒರೆಸುವ ತನಕ.

ಚಾಂದಬಿ ನಕ್ಕಳೋ ಕೆಮ್ಮಿದಳೋ.
"ಎರಡೂ ಗೊತ್ತೈತಿ ಬಿಡ್ರಿ.
ಡ್ಯಾಮಿನ ನೀರು ಬರತೈತಿ, ಏಳ್ರಿ ಅಂದಾಗ
ಮನಿಗೆ ಒಂದು ಕ್ಯಾಶ್ ಕೊಟ್ರು.
ಅದು ಎರಡು ವರ್ಸಕ್ಕ ತೀರಿತು.
ಇನ್ನೊಂದು ತೀರವಲ್ದು."

ಆಮೇಲೆ ತಾನೇ ಕುರ್ಚಿ ಎಳೆದು ಹತ್ತಿರ ಬಂದಳು.
"ನಮ್ಮ ಓಣಿ ಹಾಕ್ರಿ, ಬರತೈತೇನು ನೋಡೂಣು."
ನೀಲಗಾರ ಓಣಿ, ಹಳೇ ಊರು, ಹುಡುಕಿದೆ.
ಚಕ್ರ ತಿರುಗಿತು, ತಿರುಗಿತು.
ನಕಾಶೆ ತೆರೆದುಕೊಂಡಿತು, ಬರೀ ನೀಲಿ,
ನಡುವೆ ಒಂದು ಅಕ್ಷರವೂ ಇಲ್ಲದ ನೀಲಿ.
ದೊಡ್ಡದು ಮಾಡಿದೆ. ದೊಡ್ಡ ನೀಲಿ.

"ನೀರಿಳಿದಾಗ ಬ್ಯಾಸಗ್ಯಾಗ ತೋರಿಸೂದಿಲ್ಲೇನಿದು?
ಮೇ ತಿಂಗಳಾಗ ನಮ್ಮ ಕಟ್ಟಿ ಮೂರು ಪಾವಟಿಗಿ
ಹೊರಗ ಬರತಾವಲ್ಲ."
ನಾನು ಉತ್ತರ ಹುಡುಕುವಷ್ಟರಲ್ಲಿ ಅವಳೇ,
"ಬರಕೋರಿ ಹಂಗಾರ, ನಾ ಹೇಳತೀನಿ" ಅಂದಳು.

ಅಗಸಿ ದಾಟಿದ್ರ ಬಣ್ಣದವರ ಮನಿ,
ಗ್ವಾಡಿಗೆಲ್ಲ ಬಣ್ಣದ ಕೈ ಒರಸಿದ ಗುರ್ತು,
ಅಲ್ಲಿಂದ ಹನ್ನೊಂದು ಹೆಜ್ಜಿಗೆ ಬೇವಿನಗಿಡ,
ಎಡಕ್ಕ ಬಾವಿ,
ಬಾವಿ ಎದುರು ಹಸರ ಬಾಗಲ, ಚಿಲಕ ಇಲ್ಲ,
ದೂಡಿದ್ರ ಸಾಕು.

ವಿಳಾಸ ಬರೆಯುವ ಪಟ್ಟಿಯಲ್ಲೇ ಬರೆದುಕೊಳ್ಳುತ್ತ ಹೋದೆ,
ಅದು ಹಿಡಿಯದಷ್ಟು ಉದ್ದವಾಗಿ
ಮೊದಲ ಮಾತುಗಳು ಎಡಕ್ಕೆ ಸರಿದು ಮರೆಯಾದವು.
ಎಂಟರ್ ಒತ್ತಲಿಲ್ಲ.

"ಬಾವಿ ಎಡಕ್ಕಲ್ಲ, ಬಲಕ್ಕ"
ಅಂದಳು ಹಿಂದಿನಿಂದ ಕಾಶೀಬಾಯಿ.
ಅಳಿಸಿ, ಬಾವಿಯನ್ನು ಬಲಕ್ಕೆ ತಂದೆ.
ಚಾಂದಬಿ ಒಪ್ಪಲಿಲ್ಲ.